ಆಚೆ ಬದಿಯಿಂದ ಎರಡು ಏಟು

1

ಎಲ್ಲಿಂದ ಶುರು ಮಾಡಲಿ? ನೀರಿನಿಂದ ಮಾಡಬಹುದು, ಆದರೆ ನೆರೆಯನ್ನು ನೀವು ಟಿವಿಯಲ್ಲಿ ನೋಡಿ ನೋಡಿ ಸುಸ್ತಾಗಿದ್ದೀರಿ. ಕಂಪನಿಯಿಂದ ಶುರು ಮಾಡಬೇಕೆಂದು ನನಗೆ ಆರ್ಡರ್ ಆಗಿದೆ. ‘ನೆರೆಯ ನಂತರ ನಮ್ಮ ಎಂಜಿನಿಯರಿಂಗ್ ಸಂಸ್ಥೆಯ ಸೇವೆಗಳು ಮತ್ತು ಸಮಾಜದಲ್ಲಿ ನಮ್ಮ ಪಾತ್ರ’ ಎಂಬ ಕಿರುಪುಸ್ತಕಕ್ಕೆ ಮನಮುಟ್ಟುವ ಒಂದು ಕಥೆ ಬೇಕಂತೆ. (ಮನಮುಟ್ಟುವುದು ಎಂದರೆ ಕೊನೆಯಲ್ಲಿ ಯಾರಾದರೂ ಎಂಜಿನಿಯರಿಗೆ ಕೈಮುಗಿಯಬೇಕು. ಫೋಟೊಗೆ ಆಗಲೇ ಜಾಗ ಬಿಟ್ಟಿದ್ದಾರೆ.)

2

ಮೊದಲ ಕರಡು: ‘ನೀರು ಇಳಿಯುತ್ತಿದ್ದಂತೆ ನಮ್ಮ ತಂಡಗಳು ಉಚಿತವಾಗಿ ಮನೆಮನೆಯನ್ನೂ ಪರೀಕ್ಷಿಸಿದವು. ವಾಸಕ್ಕೆ ತಕ್ಕ ಮನೆಗೆ ಹಸಿರು ಸ್ಟಿಕ್ಕರ್, ಕೆಡವಬೇಕಾದ ಮನೆಗೆ ಕೆಂಪು.’

ಇದರಲ್ಲಿ ಸುಳ್ಳಿಲ್ಲ. ಜೀವವೂ ಇಲ್ಲ. ಹರಿದು ಹಾಕಿದೆ. (ಕಂಪ್ಯೂಟರಿನಲ್ಲಿ ಬರೆದದ್ದನ್ನು ಹರಿಯುವುದು ಹೇಗೆಂದು ಕೇಳಬೇಡಿ. ಮಾತಿಗೆ ಹೇಳಿದೆ.)

3

ಹಾಗಾದರೆ ಮನೆಯಿಂದಲೇ. ಓಣಿಯ ಕೊನೆಯದು. ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ. ಒಡತಿಯನ್ನು ಊರೆಲ್ಲ ಟೈಲರಕ್ಕ ಅನ್ನುತ್ತದೆ. ಹಿಂದಿನ ಕೋಣೆಯಲ್ಲಿ ಅವಳ ತಮ್ಮ ಕೂತು ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದ. ನೀರು ನುಗ್ಗಿದಾಗ ಮಿಷನ್ ಎತ್ತಿಡುತ್ತೇನೆಂದು ಅದೇ ಕೋಣೆಗೆ ವಾಪಸ್ ಹೋದವನು ಮತ್ತೆ ಬರಲಿಲ್ಲ. ಆಮೇಲೆ ಕೆಸರನ್ನೆಲ್ಲ ಬಳಿದು ಹೊರಗೆ ಹಾಕಿದರು. ಮಿಷನ್ ಸಿಕ್ಕಿತು. ಅವನೂ ಇರಲಿಲ್ಲ, ಅವನ ಹೆಣವೂ ಇರಲಿಲ್ಲ.

ಟೈಲರಕ್ಕ ಮಗಳ ಜೊತೆ ಈಗ ಶಾಲೆಯ ಹಾಲ್‌ನಲ್ಲಿ ಮಲಗುತ್ತಾಳೆ. ಅವಳಿಗೆ ಹಸಿರು ಸ್ಟಿಕ್ಕರ್ ಬೇಕು. ತಮ್ಮ ಬಂದಾಗ ಮನೆ ಇರಬೇಕು, ಅಷ್ಟೆ.

4

ನಮ್ಮ ಎಂಜಿನಿಯರ್ ಬಂದದ್ದು ನಡುಮಧ್ಯಾಹ್ನ, ಚೆನ್ನಾಗಿ ಬಿಸಿಲಿತ್ತು. (ಹೆದರಿಸುವ ಕಥೆಗೆ ಕತ್ತಲೆ ಬೇಕಿತ್ತು ಅನ್ನುತ್ತೀರಿ. ಏನು ಮಾಡಲಿ, ಅವಳು ಬಂದದ್ದೇ ಆಗ.)

ಗೋಡೆ ಒಳಗೊಳಗೇ ಟೊಳ್ಳಾಗಿದೆಯೇ ಎಂದು ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳುತ್ತಾರೆ. ಈ ತಂಡದಲ್ಲಿ ಒಂದು ಅಭ್ಯಾಸವಿದೆ. ಈಚೆಯಿಂದ ಒಬ್ಬರು ತಟ್ಟಿದರೆ, ಆಚೆ ಕೋಣೆಯಲ್ಲಿ ಗೋಡೆಗೆ ಅಂಗೈ ಇಟ್ಟು ನಿಂತ ಜೊತೆಗಾರ ತಿರುಗಿ ತಟ್ಟಬೇಕು. ಒಂದೇಟು ಎಂದರೆ ಗಟ್ಟಿಯಿದೆ, ಮುಂದೆ ಹೋಗು. ಎರಡೇಟು ಎಂದರೆ ಇಲ್ಲೇನೋ ಇದೆ, ಬಂದು ನೋಡು. ಕೂಗಿ ಕೂಗಿ ಗಂಟಲು ಹರಿದುಕೊಂಡವರು ಮಾಡಿಕೊಂಡ ಏರ್ಪಾಡು ಇದು.

ಅವಳು ಅಂಗಡಿಯ ಕಡೆಯಿಂದ ತಟ್ಟಿದಳು. ಆಚೆಯಿಂದ ಒಂದೇಟು ಬಂತು. ಪಕ್ಕಕ್ಕೆ ಸರಿದು ಮತ್ತೆ ತಟ್ಟಿದಳು. ಮತ್ತೆ ಒಂದೇಟು. ಹೀಗೆ ಇಡೀ ಗೋಡೆ ಮುಗಿಸಿ ಮೂಲೆಗೆ ಬಂದಾಗ ಆಚೆಯಿಂದ ಎರಡೇಟು ಬಂತು. ನಿಧಾನವಾಗಿ, ಒಂದರ ಹಿಂದೆ ಒಂದು.

‘ಏನ್ ಸಿಕ್ತು?’ ಅನ್ನುತ್ತ ಹಿಂದಿನ ಕೋಣೆಗೆ ಹೋದಳು. ಯಾರೂ ಇಲ್ಲ. ಹೊರಗೆ ಬಂದು ನೋಡಿದರೆ, ಜೊತೆಗಾರ ಉದ್ದಣ್ಣ ಜೀಪಿಗೆ ಒರಗಿಕೊಂಡು ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ.

‘ಯಾಕ್ರೀ, ಕರೆದ್ಬಿಟ್ಟು ಹೊರಗ್ ಬಂದ್ರಿ?’

‘ನಾನಾ? ನಾನಿನ್ನೂ ಒಳಗೇ ಬಂದಿಲ್ವಲ್ಲ ಮೇಡಂ.’

ತಟ್ಟುವ ಮೊದಲು ಒಮ್ಮೆ ‘ಇದ್ದೀರಾ?’ ಎಂದು ಕೂಗಬೇಕಿತ್ತು. ಎಷ್ಟೋ ಮನೆ ನೋಡಿದ ಮೇಲೆ ಅದನ್ನು ಬಿಟ್ಟುಬಿಟ್ಟಿದ್ದಳು.

5

ಇಲ್ಲಿ ನಾನು ‘ಇಲಿ’ ಎಂದು ಬರೆದು ಕೈತೊಳೆದುಕೊಳ್ಳಲು ನೋಡಿದೆ. ಎಂಜಿನಿಯರ್ ಪುಟದ ಒಳಗಿಂದಲೇ ತಗಾದೆ ತೆಗೆದಳು.

‘ಇಲಿ ಅಂತ ಬರೀಬೇಡಿ ಸಾರ್.’

‘ಮತ್ತೇನಮ್ಮಾ ಬರೀಲಿ?’

‘ನಂಗೊತ್ತಿಲ್ಲ. ಆದ್ರೆ ಇಲಿ ತನ್ನ ಸರದಿ ಬರ್ಲಿ ಅಂತ ಕಾಯಲ್ಲ.’

‘ಹೋಗ್ಲಿ, ಮನೆಗೆ ಯಾವ ಬಣ್ಣ?’

‘ಕೆಂಪು. ತಳಪಾಯದ ಮಣ್ಣು ಕೊಚ್ಕೊಂಡು ಹೋಗಿದೆ. ಒಳಗೆ ಯಾರೇ ಇರ್ಲಿ, ಗೋಡೆ ಬೀಳೋದು ಬಿದ್ದೇ ಬೀಳುತ್ತೆ.’

ಅಷ್ಟರಲ್ಲಿ ಕಂಪನಿಯ ಪ್ರಚಾರ ವಿಭಾಗದ ಮ್ಯಾನೇಜರ್ ಫೋನ್ ಮಾಡಿದ. ‘ಹಸಿರೇ ಇರ್ಲಿ ಬಿಡಿ ಸಾರ್. ಕಥೆ ತಾನೇ?’

6

ಹಸಿರು ಮುಕ್ತಾಯ: ಟೈಲರಕ್ಕ ಮನೆಗೆ ಮರಳಿದಳು. ಮಗಳು ಹಿಂದಿನ ಕೋಣೆ ಗುಡಿಸಿ ಚಾಪೆ ಹಾಸಿದಳು. ಗೋಡೆ ಮಗಳ ಮೇಲೆ ಬಿತ್ತು.

ಕೊನೆಯ ಆ ವಾಕ್ಯ ನಾನು ಬರೆದದ್ದಲ್ಲ. ನೀರು ಕುಡಿಯಲು ಎದ್ದು ಹೋಗಿ ಬಂದಾಗ ಅಲ್ಲಿತ್ತು. ಅಳಿಸಿದೆ. ಬಾಗಿಲಿಗೆ ಚಿಲಕ ಹಾಕಿ ಬಂದು ಕೂತೆ, ಸುಳ್ಳು ಯಾಕೆ ಹೇಳಲಿ.

8

(ಏಳನೆಯದು ಕೆಂಪು ಮುಕ್ತಾಯ. ಅದರಲ್ಲಿ ಟೈಲರಕ್ಕ ಅತ್ತು, ಸಮಾಧಾನ ಮಾಡಿಕೊಂಡು, ಕ್ಯಾಮರಾಗೆ ಕೈಮುಗಿಯುತ್ತಿದ್ದಳು. ಓದಿ ನನಗೇ ಹೇಸಿಗೆಯಾಗಿ ತೆಗೆದುಹಾಕಿದೆ.)

ಆದದ್ದು ಹೀಗೆ. ಎಂಜಿನಿಯರ್ ಬಾಗಿಲಿಗೆ ಕೆಂಪು ಸ್ಟಿಕ್ಕರ್ ಅಂಟಿಸಿದಳು. ಟೈಲರಕ್ಕ ಅಳಲಿಲ್ಲ.

‘ನಿಮಗೂ ಕೇಳಿಸ್ತಂತೆ, ಹೌದಾ ಮೇಡಂ?’

ಎಂಜಿನಿಯರ್ ಸ್ಟಿಕ್ಕರಿನ ಮೂಲೆಯನ್ನು ಒತ್ತಿ ಕೂರಿಸಿದಳು. ‘ಹೌದಕ್ಕಾ.’

‘ಅಬ್ಬಾ! ನಂಗೇ ತಲೆ ಕೆಟ್ಟಿದೆ ಅಂತಿದ್ರು ಎಲ್ಲಾರೂ.’

ಟೈಲರಕ್ಕ ಹೊಸ್ತಿಲ ಹೊರಗೇ ನಿಂತು, ಊಟಕ್ಕೆ ಕರೆಯುವ ದನಿಯಲ್ಲಿ ಕೂಗಿದಳು. ‘ಲೋ, ಮನೆ ಕೆಡವ್ತಾರಂತೆ ಕಣೋ. ಹೊಲಿದಿದ್ದು ಸಾಕು, ಬಾ ಹೊರಗೆ.’

ನನಗೇನೂ ಕೇಳಿಸಲಿಲ್ಲ. ಎಂಜಿನಿಯರಿಗೆ ಕೇಳಿಸಿತು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಟೈಲರಕ್ಕ ತಲೆ ವಾಲಿಸಿ ಕೇಳಿಸಿಕೊಂಡಳು. ಎಷ್ಟೋ ದಿನದ ಮೇಲೆ ನಕ್ಕಳು.

‘ಹೂಂ ಕಣೋ, ಬಂದೆ.’

ಎಂಜಿನಿಯರ್ ಅವಳ ತೋಳನ್ನು ಗಬಕ್ಕನೆ ಹಿಡಿದುಕೊಂಡು ನನ್ನ ಕಡೆ ಕಿರುಚಿದಳು. ‘ಸಾರ್, ನಿಲ್ಸಿ! ಅಕ್ಕ ಒಳಗೆ ಕಾಲಿಡೋ ಸಾಲು ಬರೀಬೇಡಿ!’

ಕೀಲಿಮಣೆಯಿಂದ ಕೈ ತೆಗೆದಿದ್ದೇನೆ. ಕೊನೆ ಹೇಳದೆ ಬಿಡುವುದು ನಮ್ಮಂಥವರ ಹಳೇ ಚಾಳಿ. ಬೇರೆ ದಿನವಾಗಿದ್ದರೆ ಜಾಣತನ ತೋರಿಸಲು ಹಾಗೆ ಮಾಡುತ್ತಿದ್ದೆ. ಇವತ್ತು ಹೆದರಿ ಬಿಡುತ್ತಿದ್ದೇನೆ. ಓಣಿಯ ಆ ತುದಿಯಿಂದ ಮಗಳು ‘ಅಮ್ಮಾ’ ಎಂದು ಓಡಿ ಬರುತ್ತಿದ್ದಾಳೆ. ಅವಳು ಬಂದು ತಲುಪಲಿ.

ನಾನು ಬರೆಯುವುದನ್ನು ನಿಲ್ಲಿಸಿದರೂ ಸಾಲುಗಳು ನಿಂತಿಲ್ಲ. ನಿಮ್ಮ ಕಣ್ಣು ಕೆಳಗಿಳಿದಂತೆ ಅವೂ ಇಳಿಯುತ್ತಿವೆ, ನೋಡಿ. ಎಂಜಿನಿಯರ್ ಹಿಡಿತ ಸಡಿಲವಾಗುತ್ತಿದೆ. ಟೈಲರಕ್ಕನ ಒಂದು ಕಾಲು ಆಗಲೇ ಮೇಲೆದ್ದಿದೆ.

ನಿಮ್ಮ ದಮ್ಮಯ್ಯ, ಮುಂದೆ ಓದಬೇಡಿ.