ಅತ್ತಿಗೆ ಹಾಕಿದ್ದು, ನಾದಿನಿ ಕಿತ್ತಿದ್ದು

ಆ ಮನೆಯಲ್ಲಿ ಊಟದ ಮೇಜಿನ ಮೇಲೆ ಆಫೀಸಿನ ಮಾತು ಬರಕೂಡದು ಎಂದು ಕಟ್ಟು ಮಾಡಿದವರು ಅತ್ತೆ. ಅದಕ್ಕೆ ಕಾರಣವೂ ಇತ್ತು. ಸೊಸೆ ಒಂದು ಸಂಶೋಧನಾ ಸಂಸ್ಥೆಯ ಗಣಿತ ವಿಭಾಗದಲ್ಲಿ ಸಂಶೋಧಕಿ. ಮಗಳು ಅದೇ ಸಂಸ್ಥೆಯ ಕೆಳಮಹಡಿಯಲ್ಲಿ ನಗರದ ಬಸ್ಸುಗಳ ವೇಳಾಪಟ್ಟಿ ಹೊಂದಿಸುವವಳು. ಹಿಂದೊಮ್ಮೆ ಮಗನ ಹುಟ್ಟುಹಬ್ಬದ ದಿನ, ಉತ್ತರ ಸರಿಬಂದರೆ ಸಾಕೋ, ಅದು ಯಾಕೆ ಸರಿ ಎಂದು ಸಾಧಿಸಿ ತೋರಿಸಲೇಬೇಕೋ ಎಂದು ಅತ್ತಿಗೆ ನಾದಿನಿ ವಾದಕ್ಕೆ ಬಿದ್ದು, ಜುಟ್ಟು ಹಿಡಿದುಕೊಳ್ಳುವುದೊಂದು ಬಾಕಿ ಉಳಿದಿತ್ತು. ಸೂಪು ಆರಿ ತಣ್ಣಗಾಯಿತು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಮಗ, ಪಾಪ, ಮೇಣದಬತ್ತಿಯನ್ನು ತಾನೇ ಹಚ್ಚಿ ತಾನೇ ಆರಿಸಿ, ಒಬ್ಬನೇ ಕೇಕು ತಿಂದ.

"ನಾಳೆಯಿಂದ ನಿಮ್ಮ ಲೆಕ್ಕ ಪಕ್ಕ ಎಲ್ಲಾ ಬಾಗಿಲಾಚೆ," ಎಂದರು ಅತ್ತೆ. ಜೀವಮಾನವೆಲ್ಲ ನರ್ಸಾಗಿದ್ದವರು, ಅವರ ಮಾತಿಗೆ ಎದುರಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಲ್ಲಿಂದೀಚೆಗೆ ಅತ್ತಿಗೆ ನಾದಿನಿ ತರಕಾರಿಯಿಂದ ಹಿಡಿದು ನೆರೆಮನೆಯ ನಾಯಿಯವರೆಗೆ ಎಲ್ಲ ಮಾತಾಡುತ್ತಿದ್ದರು, ಕೆಲಸವೊಂದನ್ನು ಬಿಟ್ಟು.

ಈಗ ಅತ್ತಿಗೆಗೆ ಒಂದು ತಲೆನೋವು ಗಂಟುಬಿದ್ದಿತ್ತು. ಅವಳು ಗಣಿತದ ಪತ್ರಿಕೆಗೆ ಕಳಿಸಿದ ಪ್ರಬಂಧವನ್ನು ಓದಿದ ಪರಿಶೀಲಕರು, "ನೀವು ಬಳಸಿರುವ ಗಣಿತದ ಸಾಫ್ಟ್‌ವೇರ್ ಹಳೆಯದು. ತೀರಾ ದೊಡ್ಡ ಸಂಖ್ಯೆಗಳಲ್ಲಿ ಅದು ಎಡವುತ್ತದೆ. ಹೊಸ ವರ್ಷನ್ನಿನಲ್ಲಿ ಮತ್ತೊಮ್ಮೆ ಲೆಕ್ಕ ಮಾಡಿ ನೋಡಿ" ಎಂದು ವಿನಯದಿಂದಲೇ ಬರೆದಿದ್ದರು. ಸಂಸ್ಥೆಯ ಮುದಿ ಕಂಪ್ಯೂಟರಿಗೆ ಹೊಂದುವಂಥ ಹೊಸ ವರ್ಷನ್ ಸಿದ್ಧರೂಪದಲ್ಲಿ ಸಿಗುತ್ತಿರಲಿಲ್ಲ. ಮೂಲ ಕೋಡನ್ನು ತಂದು, ಅಲ್ಲಿಯೇ ಕಂಪೈಲ್ ಮಾಡಿ, ಎಂದರೆ ಆ ಕಂಪ್ಯೂಟರಿಗೆ ಅರ್ಥವಾಗುವ ರೂಪಕ್ಕೆ ತಂದು, ಕೈಯಾರೆ ಕಟ್ಟಿಕೊಳ್ಳಬೇಕು. ಅದಕ್ಕೂ ಮೊದಲು, ದೊಡ್ಡ ಸಂಖ್ಯೆಗಳನ್ನು ಗುಣಿಸಿ ಭಾಗಿಸಿ ಕೊಡುವ ಒಂದು ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಬೇಕು; ಅದೂ ಹೊಸದೇ ಆಗಬೇಕು.

ಆ ಕಂಪ್ಯೂಟರು ಸಂಸ್ಥೆಯ ಎಲ್ಲರಿಗೂ ಸೇರಿದ್ದು. ಅದನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಬೇರೆ ಯಾರೂ ಬಂದಿರಲಿಲ್ಲ. ಹೋಗುವಾಗ ಅವರು ಕೇಳಿದವರಿಗೆಲ್ಲ ಪಾಸ್‌ವರ್ಡ್ ಕೊಟ್ಟು ಕೈ ತೊಳೆದುಕೊಂಡಿದ್ದರು.

ಅತ್ತಿಗೆ ಬೆಳಗ್ಗೆ ಬಂದವಳೇ ಹಳೆಯ ಲೈಬ್ರರಿ ತೆಗೆದು ಹೊಸದನ್ನು ಹಾಕಿದಳು. ಕಂಪೈಲ್ ಶುರುವಾಯಿತು. ಅದೇನು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸವಲ್ಲ. ಸಂಜೆಯಾದರೂ ಪರದೆಯ ಮೇಲೆ ಸಾಲುಗಳು ಓಡುತ್ತಲೇ ಇದ್ದವು. ಹಾಗೆಯೇ ಬಿಟ್ಟು ಮನೆಗೆ ಹೋದಳು. ಮರುದಿನ ಬಂದು ನೋಡಿದರೆ ಕೆಲಸ ನಡುವೆ ನಿಂತಿತ್ತು. ಬೇಕಾದ ಲೈಬ್ರರಿ ತೀರಾ ಹಳೆಯದಾಯಿತು ಎಂಬ ಎರರ್. ನೋಡುತ್ತಾಳೆ, ನಿಜವಾಗಿಯೂ ಹಳೆಯದೇ ಇದೆ!

"ನಿನ್ನೆ ತಾನೇ ಹಾಕಿದ್ನಲ್ಲ," ಎಂದು ಗೊಣಗಿಕೊಂಡು ಮತ್ತೆ ಹಾಕಿದಳು. ಮತ್ತೆ ಅದೇ ಹಾಡು. ದಿನವೂ ಬೆಳಗ್ಗೆ ಹಾಕುವುದು, ಮರುದಿನ ಅದು ಮಾಯ. ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಇದೇ ಎರರ್‌ಗೆ ತಲೆ ಚಚ್ಚಿಕೊಂಡವರು ಬೇಕಾದಷ್ಟು ಜನ ಸಿಕ್ಕರು, ಆದರೆ ಹಾಕಿದ್ದು ಹಾಗೇ ಮಾಯವಾಗುತ್ತದೆ ಎಂದವರು ಒಬ್ಬರೂ ಇಲ್ಲ. ಬರಬರುತ್ತಾ ಅವಳಿಗೆ ಕಂಪ್ಯೂಟರಿಗಿಂತ ತನ್ನ ಮೇಲೆಯೇ ಅನುಮಾನ ಹುಟ್ಟಿತು. ಮನೆಯಲ್ಲಿ ಸೂಪಿಗೆ ಎರಡು ಸಲ ಉಪ್ಪು ಹಾಕಿದ ದಿನವಂತೂ, ತನಗೆ ಅರಳುಮರಳು ಈಗಲೇ ಹಿಡಿಯಿತೇ ಎಂದು ಒಳಗೊಳಗೇ ಹೆದರಿಕೊಂಡಳು.

ಆ ರಾತ್ರಿ ಊಟಕ್ಕೆ ಕೂತಾಗ ನಾದಿನಿ ಚಮಚವನ್ನು ತಟ್ಟೆಗೆ ಕುಕ್ಕಿದಳು.

"ಅಮ್ಮಾ, ಇವತ್ತೊಂದಿನ ಬೈಬೇಡ. ಹೇಳ್ದೇ ಇದ್ರೆ ನನ್ನ ತಲೆ ಸಿಡಿದು ಹೋಗುತ್ತೆ."

"ಆಫೀಸಿನ ವಿಷಯಾನಾ?" ಅತ್ತೆ ಹುಬ್ಬೇರಿಸಿದರು.

"ಅದೇ. ನಮ್ಮ ಸೆಕ್ಷನ್ ಕಂಪ್ಯೂಟರ್ ಕೈ ಕೊಡ್ತು, ಅದಕ್ಕೇ ಎಲ್ಲರೂ ಬಳಸೋ ಆ ದೊಡ್ಡದಕ್ಕೆ ಬಂದ್ವಿ. ಅಲ್ಲಿ ಯಾವನೋ ತಲೆಕೆಟ್ಟೋನಿದಾನೆ ಅಮ್ಮಾ. ದಿನಾ ಸಾಯಂಕಾಲ ನಂಗೆ ಬೇಕಾದ ಲೈಬ್ರರಿ ಹಾಕಿ ಬರ್ತೀನಿ. ಬೆಳಗ್ಗೆ ಹೋದ್ರೆ ಕಿತ್ತು ಬಿಸಾಕಿರ್ತಾನೆ. ಅವನ ಕೈ ಸೇದಿಹೋಗ!"

ಅತ್ತಿಗೆಯ ಕೈಯಲ್ಲಿದ್ದ ಸೌಟು ಹಾಗೆಯೇ ಗಾಳಿಯಲ್ಲಿ ನಿಂತಿತು.

"ಪುಟ್ಟಿ, ಯಾವ ಲೈಬ್ರರಿ?"

"ದೊಡ್ಡ ಸಂಖ್ಯೆಗಳದ್ದು ಅತ್ತಿಗೆ. ಹಳೇ ವರ್ಷನ್ನು. ನಮ್ಮ ಬಸ್ಸಿನ ಪ್ರೋಗ್ರಾಂ ಹೊಸದರ ಮೇಲೆ ಓಡಲ್ಲ."

ಅತ್ತಿಗೆ ಸೌಟನ್ನು ಮೆಲ್ಲಗೆ ಪಾತ್ರೆಯೊಳಗೆ ಇಳಿಸಿದಳು. "ಆ ತಲೆಕೆಟ್ಟೋನು ನಾನೇ ಕಣೇ."

ಮೊದಲು ನಕ್ಕವನು ಗಂಡ. ಸೂಪು ನೆತ್ತಿಗೇರಿ ಕೆಮ್ಮುತ್ತಲೇ ನಕ್ಕ. ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. "ಅಯ್ಯೋ, ನೀವಾ? ಕೈ ಸೇದಿಹೋಗ ಅಂದ್ಬಿಟ್ನಲ್ಲ!"

"ಅಂದಿದ್ದು ಹಾಳಾಗ್ಲಿ. ನನ್ನದನ್ನ ದಿನಾ ಸಾಯಂಕಾಲ ಕೀಳ್ತಿದ್ದವಳು ನೀನು. ಮರೆವಿನ ಕಾಯಿಲೆ ಬಂತೇನೋ ಅಂತ ಡಾಕ್ಟರ್ ಹತ್ರ ಹೋಗೋಳಿದ್ದೆ ನಾನು!"

ಅಷ್ಟು ದಿನದ ದುಡಿಮೆ ನೀರಿನಲ್ಲಿ ಹೋಮವಾಯಿತಲ್ಲ ಎಂದು ಅತ್ತಿಗೆಗೆ ಒಂದು ಕ್ಷಣ ಸಿಟ್ಟು ಬಂದದ್ದು ನಿಜ. ಆದರೆ ಎದುರಿಗೆ ಕೂತವಳ ಕಣ್ಣಿನ ಕೆಳಗೂ ತನ್ನ ಹಾಗೆಯೇ ಕಪ್ಪು ಕಟ್ಟಿರುವುದನ್ನು ನೋಡಿ ಅದು ಬಂದ ದಾರಿಯಲ್ಲೇ ಹೋಯಿತು. ಅತ್ತೆ ಇಬ್ಬರನ್ನೂ ಒಮ್ಮೆ ನೋಡಿ, "ಮೊದಲು ಊಟ ಮಾಡಿ. ಬೆಳಗ್ಗೆ ಒಟ್ಟಿಗೆ ಹೋಗಿ ಬಗೆಹರಿಸ್ಕೊಳ್ಳಿ," ಎಂದಷ್ಟೇ ಹೇಳಿದರು.

ಬೆಳಗ್ಗೆ ಅತ್ತಿಗೆಯ ಕೋಣೆಯಲ್ಲಿ ಇಬ್ಬರೂ ಕುರ್ಚಿ ಎಳೆದುಕೊಂಡು ಕೂತರು. ದಾರಿಯೇನೋ ಸುಲಭವಾಗಿಯೇ ಕಂಡಿತು: ಎಲ್ಲರೂ ಬಳಸುವ ಜಾಗದಲ್ಲಿ ಹಳೆಯದು ಇರಲಿ, ಅತ್ತಿಗೆ ತನ್ನ ಫೋಲ್ಡರಿನೊಳಗೆ ಹೊಸದನ್ನು ಹಾಕಿಕೊಂಡು, ಹುಡುಕುವುದಾದರೆ ಇಲ್ಲಿ ಹುಡುಕು ಎಂದು ಕಂಪೈಲರಿಗೆ ಹೇಳಿದರಾಯಿತು. ಹಾಗೆಯೇ ಮಾಡಿದರು. ಆದರೂ ಅದೇ ಎರರ್ ಬಂದು ವಕ್ಕರಿಸಿತು.

ನಾದಿನಿ ಪರದೆಯ ಮೇಲಿದ್ದದ್ದನ್ನು ಸಾಲು ಸಾಲಾಗಿ ಓದುತ್ತಾ ಹೋದಳು. "ನೋಡಿ ಅತ್ತಿಗೆ, ಕಂಪೈಲರ್ ವಿವರ ಓದ್ಕೊಳ್ಳೋದು ನಿಮ್ಮ ಹೊಸದರಿಂದ, ಕೊನೆಗೆ ಹೋಗಿ ಸೇರ್ಕೊಳ್ಳೋದು ನನ್ನ ಹಳೇದಕ್ಕೆ. ಹೆಸರು ಒಬ್ಬರದು, ಆಳು ಇನ್ನೊಬ್ಬರು. ನೀವು ಯಾವತ್ತಾದ್ರೂ ಆ ಹಳೇ ಜಾಗವೇ ಮೊದಲು ಅಂತ ಎಲ್ಲಾದ್ರೂ ಬರೆದಿಟ್ಟಿದ್ರಾ?"

ಲಾಗಿನ್ ಆದಾಗಲೆಲ್ಲ ತಾನಾಗಿ ಓಡುವ ಫೈಲನ್ನು ಅತ್ತಿಗೆ ತೆರೆದಳು. ಬರೆದಿದ್ದಳು. ಯಾವ ಕಾಲದ್ದೋ ಏನೋ, ನೆನಪೇ ಇಲ್ಲ, ಬರೆದದ್ದಂತೂ ಅವಳೇ. ಆ ಸಾಲನ್ನು ಅಳಿಸಿದಳು.

"ಈಗ ಇಲ್ಲಿವರೆಗೆ ಕಟ್ಟಿರೋದನ್ನೆಲ್ಲ ಅಳಿಸಿ ಮೊದಲಿಂದ ಶುರು ಮಾಡಿ," ಎಂದಳು ನಾದಿನಿ.

"ಮುಕ್ಕಾಲು ಪಾಲು ಆಗಿದೆಯಲ್ಲೇ! ಉಳಿದಿದ್ದು ಮುಂದುವರಿಸಿದ್ರೆ ಆಗಲ್ವಾ?"

"ಹಳಸಿದ ಹಿಟ್ಟಿಗೆ ಹೊಸ ಹಿಟ್ಟು ಕಲಸ್ತೀರಾ? ಆ ಮುಕ್ಕಾಲು ಪಾಲಿನಲ್ಲಿ ಯಾವ ಚೂರು ಯಾವುದಕ್ಕೆ ಅಂಟ್ಕೊಂಡಿದೆಯೋ ಯಾರಿಗೆ ಗೊತ್ತು?"

ಅತ್ತಿಗೆಗೆ ಮನಸ್ಸಾಗಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದಳು, ನೀರು ಕುಡಿದಳು. ವಾಪಸು ಬಂದು ಎಲ್ಲವನ್ನೂ ಅಳಿಸಿ, ಹೊಸದಾಗಿ ಶುರು ಮಾಡಿದಳು. ಸಂಜೆ ಮನೆಗೆ ಹೊರಟಾಗ ಅದು ಓಡುತ್ತಿತ್ತು. ಮರುದಿನ ಬಂದಾಗ ಮುಗಿದಿತ್ತು. ಪರೀಕ್ಷೆಗಳು ಒಂದೊಂದಾಗಿ ಪಾಸಾಗುತ್ತಿದ್ದಂತೆ ಅವಳು ಕೆಳಮಹಡಿಗೆ ಫೋನು ಮಾಡಿ, "ಪುಟ್ಟಿ, ಕೂತ್ಕೊಂಡ್ತು ಕಣೇ," ಎಂದಳು. ಅತ್ತ ಕಡೆಯಿಂದ ಚಪ್ಪಾಳೆ ಕೇಳಿಸಿತು.

ಹೊಸ ಲೆಕ್ಕದಲ್ಲಿ ಪ್ರಬಂಧದ ಕೋಷ್ಟಕದ ಒಂದು ಸಂಖ್ಯೆ ಬದಲಾಯಿತು. ಪರಿಶೀಲಕರು ಹೇಳಿದ್ದೇ ಸರಿ. ಅದೃಷ್ಟಕ್ಕೆ, ಸಾಧಿಸಿದ ವಿಷಯಕ್ಕೆ ಅದರಿಂದ ಧಕ್ಕೆಯಾಗಲಿಲ್ಲ. ಅತ್ತಿಗೆ ಅದನ್ನು ತಿದ್ದಿ, ಪರಿಶೀಲಕರಿಗೆ ಮನಸಾರೆ ವಂದನೆ ಹೇಳಿ ಕಳಿಸಿದಳು. ಆಮೇಲೆ ಆ ಕಂಪ್ಯೂಟರ್ ಬಳಸುವವರಿಗೆಲ್ಲ ಒಂದು ಮೇಲ್ ಹಾಕಿದಳು: ನಡೆದದ್ದು ಹೀಗೆ, ತಪ್ಪು ನಮ್ಮಿಬ್ಬರದು, ಇನ್ನು ಮುಂದೆ ದಯವಿಟ್ಟು ಎಲ್ಲರೂ ನಿಮಗೆ ಬೇಕಾದದ್ದನ್ನು ನಿಮ್ಮ ನಿಮ್ಮ ಫೋಲ್ಡರಿನಲ್ಲೇ ಹಾಕಿಕೊಳ್ಳಿ.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಮಹಡಿಯ ಭೌತಶಾಸ್ತ್ರದ ಪ್ರೊಫೆಸರರಿಂದ ಉತ್ತರ ಬಂತು. ಒಂದೇ ಸಾಲು: "ದಯವಿಟ್ಟು ಒಮ್ಮೆ ಬಂದು ಹೋಗುತ್ತೀರಾ?"

ಅತ್ತಿಗೆ ಮೆಟ್ಟಿಲು ಹತ್ತಿ ಹೋದಳು. ಪ್ರೊಫೆಸರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ಮುಖ ಉಜ್ಜಿಕೊಂಡರು.

"ನನ್ನ ಪ್ರೋಗ್ರಾಂ ಒಂದ್ಸಲ ಓಡ್ತಿತ್ತು, ಇನ್ನೊಂದ್ಸಲ ಓಡ್ತಿರಲಿಲ್ಲ. ಕಂಪ್ಯೂಟರ್ ಸಾಯೋಕೆ ಬಿದ್ದಿದೆ ಅಂತ ಹೊಸದು ಕೊಡಿಸಿ ಅಂತ ನಿರ್ದೇಶಕರ ಹತ್ರ ಹೋಗಿ ಕೂಗಾಡಿ ಬಂದೆ ಕಣಮ್ಮಾ."

"ಅಯ್ಯೋ ಸರ್. ನಾನು ಬಂದು ಅವರಿಗೆ ಹೇಳ್ಲಾ?"

"ಬೇಡ. ಕೂಗಾಡಿದೋನು ನಾನು, ಹೇಳಬೇಕಾದೋನೂ ನಾನೇ." ಅವರು ಕನ್ನಡಕ ಹಾಕಿಕೊಂಡು ಕೀಬೋರ್ಡನ್ನು ಅವಳ ಕಡೆ ಸರಿಸಿದರು. "ಮೊದಲು ಇದನ್ನ ಹೇಳ್ಕೊಡಿ. ಆ ನನ್ನ ಫೋಲ್ಡರನ್ನ ಎಲ್ಲಿ ಮಾಡ್ಕೋಬೇಕು?"

ಅತ್ತಿಗೆ ಪಕ್ಕದ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ನೆಲಕ್ಕಿಳಿಸಿ ಕೂತಳು.