ನಿದ್ದೆಯ ಪಾಠ

"ಫ್ರೆಂಚಲ್ಲಿ 'ಸೊಮೇಯ್' ಅಂದ್ರೆ ನಿದ್ದೆ. 'ದೋರ್' ಅಂದ್ರೆ ಮಲಗು. ನಿದ್ದೆಗೆ ಜಾರೋದಕ್ಕೆ ಬೇರೇನೇ ಇದೆ, 'ಸಾಂದೋರ್ಮಿರ್'," ಎಂದಳು ಮಗಳು.

"ಹೆಸರು ಹಾಗಿರಲಿ, ಜಾರಿಸೋದು ಹೇಗೆ ಅದನ್ನ ಹೇಳು," ಎಂದಳು ತಾಯಿ. ನಿದ್ದೆಗೆಟ್ಟು ಅವಳ ಕಣ್ಣು ಕೆಂಡವಾಗಿತ್ತು.

ಮಂಚದ ಮೇಲೆ ಅವಳ ಗಂಡ ಮೇಷ್ಟ್ರು ಕಣ್ಣು ಬಿಟ್ಟುಕೊಂಡು ಬಿದ್ದಿದ್ದರು. ಪಾರ್ಶ್ವವಾಯು ಬಲಗೈಯ ಜೊತೆಗೆ ಮನೆಮಾತನ್ನೂ ಕಿತ್ತುಕೊಂಡು ಹೋಗಿತ್ತು. ಹೆಂಡತಿಯೊಂದಿಗೆ ಸಂಸಾರ ಮಾಡಿದ ಭಾಷೆ ಹೋಗಿ, ಕಾಲೇಜಿನಲ್ಲಿ ಸಂಬಳ ತಂದ ಫ್ರೆಂಚು ಉಳಿದಿತ್ತು. ಮಾತ್ರೆ ನುಂಗಿಸಿದರೂ ನಿದ್ದೆಯಿಲ್ಲ. ಹೆಂಡತಿ ಪಕ್ಕದಿಂದ ಎದ್ದರೆ ಸಾಕು, ಎಡಗೈಯಿಂದ ಮಂಚದ ಸರಳು ಬಡಿಯುತ್ತಿದ್ದರು. ನಿನ್ನೆ ಅವಳು ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಮೊಣಕೈ ಸುಟ್ಟುಕೊಂಡಿದ್ದಳು.

"ಸಂಜೆಯೊಳಗೆ ಅಪ್ಪ ನಿದ್ದೆ ಮಾಡ್ಲಿಲ್ಲ ಅಂದ್ರೆ ಆರೈಕೆ ಕೇಂದ್ರಕ್ಕೆ ಫೋನ್ ಮಾಡ್ತೀನಿ. ಇಬ್ಬರನ್ನೂ ಕಳ್ಕೊಳ್ಳೋಕೆ ನನ್ನಿಂದಾಗಲ್ಲಮ್ಮ."

"ಅಲ್ಲಿ ಇವರ ಮಾತು ಯಾರಿಗೆ ತಿಳಿಯುತ್ತೆ?"

"ಇಲ್ಲಿ ನಿನಗೆ ತಿಳಿಯುತ್ತಾ?"

ತಾಯಿ ಪರದೆ ಎಳೆದು, ಸ್ಟೂಲು ಹಾಕಿಕೊಂಡು ಕೂತು, ಬಾಯಿ ಸೊಟ್ಟ ಮಾಡಿಕೊಂಡು ಹೇಳಿದಳು: "ದೋರ್."

ಮೇಷ್ಟ್ರ ಕಣ್ಣು ಹೊಳೆಯಿತು. ಎಡಗೈಯ ತೋರುಬೆರಳು ಮೇಲೆದ್ದಿತು. "ಆಂಕೋರ್."

"ಇನ್ನೊಂದ್ಸಲ ಅಂತಿದಾರೆ," ಎಂದಳು ಮಗಳು.

"ದೋರ್."

"ಆಂಕೋರ್."

"ದೋರ್ ರೀ, ದೋರ್!"

"ಅಮ್ಮ, ನೀನು ಮಲಗಿಸ್ತಿಲ್ಲ, ಅಪ್ಪ ಕ್ಲಾಸ್ ತಗೋತಿದಾರೆ. ಚಿಕ್ಕಂದಿನಲ್ಲಿ ನನ್ನ ಪ್ರಾಣಾನೂ ಹೀಗೇ ತಿಂದಿದ್ರು." ಸಂಜೆಯಾಗುತ್ತ ಬಂದಿತ್ತು; ಮಗಳು ಫೋನ್ ಹಿಡಿದು ಹಜಾರಕ್ಕೆ ಹೋದಳು.

ತಾಯಿ ಗಂಡನ ಎಡಗೈ ಹಿಡಿದುಕೊಂಡಳು. "ನಿಮ್ಮ ದಮ್ಮಯ್ಯ, ಒಂದು ಗಳಿಗೆ ಕಣ್ಣು ಮುಚ್ಚ್ರೀ. ಅವಳು ಕಳಿಸಿಬಿಡ್ತಾಳೆ."

"ಆಂಕೋರ್."

ಹೇಳಿದಳು. ಮತ್ತೆ ಹೇಳಿದಳು. ಪದ ನಾಲಿಗೆಯ ಮೇಲೆ ತೊದಲತೊಡಗಿತು. ಹೇಳುತ್ತ ಹೇಳುತ್ತಲೇ ಅವಳ ತಲೆ ಮಂಚದ ಅಂಚಿಗೆ ವಾಲಿತು.

"ಆಂಕೋರ್," ಎಂದು ಮೇಷ್ಟ್ರು ಕಾದರು. ಕಷ್ಟಪಟ್ಟು ಕತ್ತು ಹೊರಳಿಸಿದರು. ಅವಳ ಬಾಯಿ ಅರ್ಧ ತೆರೆದಿತ್ತು, ಸಣ್ಣಗೆ ಗೊರಕೆ ಬೇರೆ. ಅವಳ ಮುಷ್ಟಿಯಿಂದ ಕೈ ಬಿಡಿಸಿಕೊಂಡು, ತಮ್ಮ ಹೊದಿಕೆಯ ತುದಿಯನ್ನು ಅವಳ ಕಡೆಗೆ ಎಳೆದರು. ಹೆಗಲಿನವರೆಗೆ ಬರಲಿಲ್ಲ.

"ಹ್ಞೂಂ, ನಾಳೆ ಬೆಳಿಗ್ಗೆನೇ ಗಾಡಿ ಕಳಿಸಿ," ಎನ್ನುತ್ತ ಮಗಳು ಬಾಗಿಲಿಗೆ ಬಂದಳು.

ಮೇಷ್ಟ್ರು ತೋರುಬೆರಳನ್ನು ತುಟಿಗೆ ಒತ್ತಿಕೊಂಡು ಅವಳನ್ನು ದುರುಗುಟ್ಟಿ ನೋಡಿದರು.

ಮಗಳು ಹೊಸಿಲಲ್ಲೇ ನಿಂತಳು. ಫೋನಿನೊಳಗಿನಿಂದ ಯಾರೋ, "ಹಲೋ, ವಿಳಾಸ ಹೇಳಿ, ವಿಳಾಸ," ಎನ್ನುತ್ತಲೇ ಇದ್ದರು.