ಅಮಾವಾಸ್ಯೆಯ ಮೂರು ಏಟು

ಕುರುಗೋಡಿನ ಸುತ್ತಲಿನ ಕಲ್ಲು ಕ್ವಾರಿಯವರಿಗೆ ಅರುಣಾಳ ಮುಖ ಕಂಡರೇ ತಲೆನೋವು. "ಬಂದ್ಲಪಾ ಭೂಕಂಪದಮ್ಮ" ಎಂದು ಗೊಣಗುತ್ತಿದ್ದರು. ಮೊದಮೊದಲು ಚಹಾ ಕೊಡುತ್ತಿದ್ದವರು ಈಗ ಕುರ್ಚಿಯನ್ನೂ ತೋರಿಸುತ್ತಿರಲಿಲ್ಲ.

ಅವಳ ಸಂಕಟ ಅವಳಿಗೆ. ಕುರುಗೋಡಿನ ಬೆಟ್ಟದ ಬಂಡೆಯಲ್ಲಿ ಆಳುದ್ದದ ಗುಂಡಿ ತೋಡಿಸಿ, ನೆಲದ ನಡುಕ ಅಳೆಯುವ ಯಂತ್ರ ಇಡಿಸಿದ್ದಳು. ಅದು ಬರೆಯುವ ಗೆರೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದ್ದ ಅವಳ ಕಚೇರಿಗೂ, ಅದೇ ಕ್ಷಣಕ್ಕೆ ಕಝಾಕಿಸ್ತಾನದ ಸೌಲೆ ಎಂಬ ವಿಜ್ಞಾನಿಯ ಪರದೆಗೂ ಹೋಗುತ್ತಿತ್ತು. ಐದು ದೇಶಗಳು ಸೇರಿ ಮಾಡಿಕೊಂಡ ಏರ್ಪಾಡು ಅದು. ಎಲ್ಲೇ ಭೂಕಂಪವಾಗಲಿ, ಯಾರೇ ಕದ್ದು ನೆಲದೊಳಗೆ ಅಣುಬಾಂಬ್ ಪರೀಕ್ಷಿಸಲಿ, ಎಲ್ಲರ ಗೆರೆಗಳನ್ನೂ ಜೋಡಿಸಿ ನೋಡಿದರೆ ಮಾತ್ರ ಗುಟ್ಟು ಹೊರಬೀಳುತ್ತದೆ. ಹೊಸ ಕೇಂದ್ರಕ್ಕೆ ಆರು ತಿಂಗಳ ಪರೀಕ್ಷೆ: ಅನುಮಾನ ಬಂದ ಪ್ರತಿ ಗೆರೆಗೂ ನಿಜವಾದ ಕಾರಣ ಕೊಡಬೇಕು. ಇಲ್ಲದಿದ್ದರೆ ಯಂತ್ರ ಬೇರೆ ರಾಜ್ಯಕ್ಕೆ. ಈ ಬಂಡೆ ಹುಡುಕಲು ಅರುಣಾ ಮೂರು ಬೇಸಿಗೆ ಸವೆಸಿದ್ದಳು.

ಆದರೆ ತಿಂಗಳಿಗೊಂದು ಬೆಳಿಗ್ಗೆ, ಸಣ್ಣ ಸ್ಫೋಟದಂಥ ಮೂರು ಚೂಪು ಗೆರೆ. ಎಲ್ಲಿಂದ? ಅದನ್ನೇ ಕೇಳುತ್ತ ಅವಳು ಕ್ವಾರಿಯಿಂದ ಕ್ವಾರಿಗೆ ಅಲೆಯುತ್ತಿದ್ದಳು.

ಕೊನೆಗೆ ಕ್ವಾರಿಯ ದೊಡ್ಡಬಸಪ್ಪ ತಾಳ್ಮೆಗೆಟ್ಟು ರಿಜಿಸ್ಟರನ್ನೇ ಅವಳ ಮುಂದೆ ಹಾಕಿದ. "ನೋಡ್ರಿ ಮೇಡಂ, ನೀವು ಹೇಳೋ ದಿನ ಎಲ್ಲಾ ಅಮಾಸಿ. ಅಮಾಸಿ ದಿನ ಕ್ವಾರಿ ಬಂದ್. ಯಾರೂ ಮದ್ದು ಮುಟ್ಟಂಗಿಲ್ಲ."

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಅರುಣಾ ಹೇಳದೆ ಕೇಳದೆ ಬೆಟ್ಟ ಹತ್ತಿದಳು. ಯಂತ್ರದ ಕಾವಲುಗಾರ ಹುಲುಗಪ್ಪ ಚಪ್ಪಲಿಯನ್ನು ದೂರ ಬಿಟ್ಟು, ಗುಂಡಿಯ ಕಾಂಕ್ರೀಟ್ ಮುಚ್ಚಳಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ತೆಂಗಿನಕಾಯಿ ಎತ್ತಿ ಅದರ ಮೇಲೇ ಕುಟ್ಟಿದ. ಒಂದು, ಎರಡು, ಮೂರು.

"ಹುಲುಗಪ್ಪಣ್ಣ! ಏನ್ ಮಾಡಾಕತ್ತೀರಿ?"

"ಪೂಜಿ ರೀ ಮೇಡಮ್ಮರ. ಲಾರಿಗೆ ಒಡೀತಾರ, ಟ್ರ್ಯಾಕ್ಟರ್‌ಗೆ ಒಡೀತಾರ. ಪಾಪ, ಈ ಮಿಷನ್‌ಗೆ ಯಾರದಾರ? ನೀವ ಹೇಳಿದ್ರಿ, ಮಕ್ಕಳಂಗ ನೋಡ್ಕೋರಿ ಅಂತ. ನಮ್ಮೂರು ಕರೂರಿಗೆ ಹೋದಾಗ ಸಿರುಗುಪ್ಪದ ಸಂತ್ಯಾಗ ಆರಿಸಿ ತಂದ ಕಾಯಿ ಇದು."

ದನ ಬಿಡಬಾರದು, ಗಾಡಿ ತರಬಾರದು, ಓಡಾಡಬಾರದು. ಅವಳು ಹೇಳಿಕೊಟ್ಟಿದ್ದ ಒಂದೊಂದನ್ನೂ ಹುಲುಗಪ್ಪ ಚಾಚೂತಪ್ಪದೆ ಪಾಲಿಸಿದ್ದ. ಕಾಯಿ ಒಡೆಯಬಾರದೆಂದು ಅವಳು ಹೇಳಿರಲಿಲ್ಲ. ಯಾರ ಮೇಲೆ ಸಿಟ್ಟು ಮಾಡುವುದು? ಇಪ್ಪತ್ತು ಮಾರು ಆಚೆಯ ಬೇವಿನ ಮರ ತೋರಿಸಿ, "ಇಲ್ಲಿ ಕುಟ್ಟಿದ್ರ ಮಿಷನ್‌ನಾಗ ಗೆರಿ ಬೀಳತೈತಿ, ಇನ್ನ ಮ್ಯಾಲ ಅಲ್ಲಿ ಒಡೀರಿ" ಎಂದಷ್ಟೇ ಹೇಳಿ ಇಳಿದಳು.

ಕಾರಣ ಸಿಕ್ಕಿತ್ತು. ವರದಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದಳು: ತೆಂಗಿನಕಾಯಿ. ಸಹಿ ಹಾಕಬೇಕಾದ ಮೇಲಧಿಕಾರಿ ಚನ್ನಬಸವರಾಜ ಅದನ್ನು ಓದಿ ಹಣೆ ಚಚ್ಚಿಕೊಂಡರು.

"ಐದು ದೇಶದವ್ರ ಮುಂದ ಕಾಯಿ ಕಥಿ ಹೇಳ್ತಿಯೇನಮ್ಮ? ಮರ್ಯಾದಿ ಉಳಿತೈತೇನು? ಕ್ವಾರಿ ಸ್ಫೋಟ ಅಂತ ಬರಿ."

"ಸರ್, ಅವತ್ತೆಲ್ಲಾ ಕ್ವಾರಿ ಬಂದ್ ಇತ್ರಿ. ರಿಜಿಸ್ಟರ್‌ನಾಗ ಐತಿ."

"ಅದನ್ನ ಯಾರು ಕೇಳಾಕ ಬರ್ತಾರ?"

ಎರಡು ದಿನ ವಾದಿಸಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಮೂರನೆಯ ದಿನ ಅವರೇ ತಿದ್ದಿ ಕಳಿಸಿದರು. ಸೌಲೆಗೆ ತಾನೇ ಒಂದು ಸಾಲು ಬರೆದು ತಿಳಿಸಬಹುದಿತ್ತು. ಅರುಣಾ ಬರೆಯಲಿಲ್ಲ. ಮೇಲಿನವರನ್ನು ಎದುರು ಹಾಕಿಕೊಳ್ಳಲು ಹೆದರಿದಳು, ಅಷ್ಟೇ.

ಕೇಳಲು ಬಂದೇ ಬಂದರು. ಐದೂ ದೇಶಗಳ ಸಮಿತಿ ಕ್ವಾರಿಗಳ ರಿಜಿಸ್ಟರ್ ತರಿಸಿ ನೋಡಿತು. ಆ ದಿನಗಳಂದು ಸ್ಫೋಟವೇ ಇರಲಿಲ್ಲ. ಸುಳ್ಳು ಕಾರಣ ಕೊಟ್ಟ ಕೇಂದ್ರ ಬೇಡವೆಂದು ಎರಡೇ ಸಾಲಿನ ತೀರ್ಮಾನ ಬಂತು.

ಆಗ ಅರುಣಾ ಸೌಲೆಗೆ ಎಲ್ಲವನ್ನೂ ಬರೆದಳು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಸೌಲೆಯ ತಾಯಿ ಹುಟ್ಟಿದ್ದು ಹಿಂದೆ ಬಾಂಬ್ ಪರೀಕ್ಷೆ ನಡೆಯುತ್ತಿದ್ದ ಬಯಲಿನ ಮಗ್ಗುಲಲ್ಲಿ. ನೆಲ ನಡುಗಿದ ದಿನಗಳಲ್ಲಿ ಅಧಿಕಾರಿಗಳು ಸುಳ್ಳು ಹೇಳುವುದನ್ನೇ ಕೇಳಿ ಬೆಳೆದವಳು ಆ ತಾಯಿ. ಉತ್ತರದಲ್ಲಿ ಸೌಲೆ ಬರೆದಿದ್ದಳು: "ನಮ್ಮ ಕೇಂದ್ರದ ಗೋಡೆಗೆ ಕುರಿಗಳು ಮೈ ತಿಕ್ಕುತ್ತಿದ್ದವು. ನಾನು ಕುರಿ ಎಂದೇ ಬರೆದೆ, ಸಮಿತಿ ನಕ್ಕು ಒಪ್ಪಿಕೊಂಡಿತು. ನೀನೂ ತೆಂಗಿನಕಾಯಿ ಎಂದಿದ್ದರೆ ಸಾಕಿತ್ತು."

ಅರುಣಾ ಅದನ್ನು ಓದಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಯಂತ್ರ ಒಯ್ಯಲು ಜೀಪು ಬಂದ ದಿನ, ಬೇವಿನ ಮರದ ಕೆಳಗೆ ಹುಲುಗಪ್ಪ ಟವಲಿನಲ್ಲಿ ಕಾಯಿ ಸುತ್ತಿಕೊಂಡು ನಿಂತಿದ್ದ.

"ಮಿಷನ್ ಹೊಂಟೈತಿ. ಹಂಗ ಕಳಿಸಬಾರ್ದು. ಇಲ್ಲೇ ಒಡೀಲೇನ್ರಿ?"

"ಬ್ಯಾಡ. ಬರ್ರಿ, ಮುಚ್ಚಳದ ಮ್ಯಾಲ ಒಡೀರಿ."

"ಗೆರಿ ಬೀಳತೈತಲ್ರಿ ಮತ್ತ?"

"ವೈರು ಕಿತ್ತಾರ. ಇನ್ನ ಬೀಳಂಗಿಲ್ಲ."

ಹುಲುಗಪ್ಪ ಚಪ್ಪಲಿ ಬಿಟ್ಟು ಬಂದು ಕುಟ್ಟಿದ. ಮೂರನೆಯ ಏಟಿಗೆ ಕಾಯಿ ಒಡೆಯಿತು. ಅರುಣಾ ರೂಢಿಯಂತೆ ಮೊಬೈಲಿನಲ್ಲಿ ಯಂತ್ರದ ಗೆರೆ ತೆಗೆದು ನೋಡಿದಳು. ಗೆರೆ ನೆಟ್ಟಗೆ, ಚೊಕ್ಕವಾಗಿತ್ತು. ಆರು ತಿಂಗಳಿಂದ ಅವಳು ಬೇಡಿಕೊಂಡದ್ದು ಅಂಥ ಗೆರೆಯನ್ನೇ.